ಕಲ್ಲು ಬಿದ್ದ ಮೇಲಿನ ಕೂಗು

ಏಳು ಭಾಷೆಗಳನ್ನು ತಡೆಯಿಲ್ಲದೆ ಬರೆದು ಮುಗಿಸಿದ ಗಜಾನನನ ಕುಂಚ ಎಂಟನೆಯದಕ್ಕೆ ಬಂದು ನಿಂತುಬಿಟ್ಟಿತು. ಎಂಟನೆಯದು ಕನ್ನಡ. ಇಪ್ಪತ್ತನಾಲ್ಕು ವರ್ಷ ಶಿರಸಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ, ಗೋಡೆಯ ಸುಭಾಷಿತದಿಂದ ಹಿಡಿದು ಸಹಕಾರಿ ಸಂಘದ ಫಲಕದವರೆಗೆ ಪೇಟೆಯ ಅರ್ಧ ಅಕ್ಷರಗಳನ್ನು ಬರೆದ ಕೈ ಅದು. ಜಪಾನಿ ಅಕ್ಷರ ಬಾರದಿದ್ದರೂ ಚಿತ್ರ ತೆಗೆದ ಹಾಗೆ ತೆಗೆದು, ಪಕ್ಕದಲ್ಲಿ ‘ರಾಕು’ ಎಂದು ಉಚ್ಚಾರ ಬರೆದಿದ್ದ. ಅದರ ಮೇಲೆ ಇಂಗ್ಲಿಷಿನ ‘ರಾಕ್’, ಹಿಂದಿಯ ‘ಪತ್ಥರ್’, ಮರಾಠಿಯ ‘ದಗಡ್’, ಜರ್ಮನಿಯವರ ‘ಶ್ಟೈನ್’, ಇಟಲಿಯವರ ‘ಸಾಸ್ಸೊ’, ಫ್ರಾನ್ಸಿನವರ ‘ಕಾಯೂ’. ಬಂಡೆ ಹತ್ತುವಾಗ ಮೇಲಿನಿಂದ ಕಲ್ಲು ಕಳಚಿದರೆ ಕೆಳಗಿನವರಿಗೆ ಎಚ್ಚರ ಕೊಡಲು ಆಯಾ ನಾಡಿನವರು ಹಾಕುವ ಕೂಗು ಇವು. ಇಡಗುಂದಿಯ ಮೇಲಿನ ಕಾಡಿನಲ್ಲಿರುವ ಜೇನಕಲ್ಲೆಂಬ ಬಂಡೆಯ ಬುಡದಲ್ಲಿ ಇವತ್ತು ಶಿಬಿರ ಶುರು, ಒಂಬತ್ತಕ್ಕೆ ಜೀಪು ತರುತ್ತೇನೆ, ಫಲಕ ತಯಾರಿರಲಿ ಎಂದು ಚಿರಂತನ ನಿನ್ನೆಯೇ ಹೇಳಿ ಹೋಗಿದ್ದ. ಚಿರಂತನ ಅವನ ಹಳೆಯ ವಿದ್ಯಾರ್ಥಿ. ಈಗ ಬಂಡೆ ಹತ್ತುವುದನ್ನು ಕಲಿಸುವುದೇ ಅವನ ಕಸುಬು. ‘ಕನ್ನಡದ್ದು ಮಾತ್ರ ನೀವೇ ಯೋಚ್ನೆ ಮಾಡಿ ಬರೀರಿ ಸರ್, ಅದು ನಿಮ್ಮದೇ ಕೂಗು’ ಎಂದಿದ್ದ. ಹುಡುಗ ಹೊಗಳಿ ಹೇಳಿದ ಮಾತು. ಆಗಿನಿಂದ ಗಜಾನನ ಆ ಸಾಲನ್ನು ಮುಂದೂಡುತ್ತಲೇ ಬಂದಿದ್ದ.

‘ಎಂತದು ಅದು, ಒಂದು ಸಾಲು ಬರಿಯಲೆ ಇಷ್ಟು ಹೊತ್ತು?’ ಎನ್ನುತ್ತ ಅವನ ಹೆಂಡತಿ ಪರಿಮಳಾ ಚಹಾ ತಂದಿಟ್ಟಳು. ಫಲಕ ಓದಿ ನಕ್ಕಳು. ‘ಕಾಯೂ ಅಡ! ಕಲ್ಲು ಬೀಳ್ತಾ ಇಪ್ಪಕಾರೆ ದೇವ್ರೇ ಕಾಯು ಹೇಳಿ ಕೂಗ್ತ್ವೇನ, ಪಾಪ.’ ಆಮೇಲೆ ಖಾಲಿ ಸಾಲಿನ ಕಡೆ ಕೈ ಮಾಡಿ, ‘ಇದ್ಕೆಂತ ಯೋಚ್ನೆ? ನೀ ಆವತ್ತು ಕೂಗಿದ್ದನ್ನೇ ಬರಿ. ಡೇರೆ ಒಳಗಿದ್ದ ನಂಗಕ್ಕೆಲ್ಲ ಕೇಳ್ತು. ಚನ್ನಯ್ಯಂಗೊಬ್ಬಂಗೆ ಕೇಳಿದ್ದಿಲ್ಲೆ’ ಎಂದಳು. ಉಪ್ಪು ಮುಗಿದಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿ ಒಳಗೆ ಹೋದಳು. ಗಜಾನನ ಚಹಾದ ಲೋಟ ಹಿಡಿದು ಕುಳಿತ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವನು ಕೂಗಿದ್ದು ನಿಜ. ಡೇರೆಯಲ್ಲಿದ್ದವರಿಗೆಲ್ಲ ಕೇಳಿದ್ದು ನಿಜ. ಕಲ್ಲು ಕೆಳಗಿದ್ದ ಗೆಳೆಯ ಚನ್ನಯ್ಯನಿಗೆ ಬಡಿದು ಅವನು ಎಚ್ಚರ ತಪ್ಪಿ ಬಿದ್ದದ್ದೂ ನಿಜ. ಆದರೆ ಮೊದಲು ಬಡಿದದ್ದು ಕಲ್ಲು. ಕೂಗು ಬಂದದ್ದು ಆಮೇಲೆ. ಈ ಹಿಂದುಮುಂದು ಗಜಾನನನೊಬ್ಬನಿಗೆ ಗೊತ್ತು. ಇಪ್ಪತ್ತಾರು ವರ್ಷಗಳಲ್ಲಿ ಅವನು ಈ ಬಗ್ಗೆ ಒಂದೇ ಒಂದು ಸುಳ್ಳು ಹೇಳಿಲ್ಲ. ಬೇರೆಯವರು ಹೇಳುವಾಗ ಸುಮ್ಮನಿದ್ದಾನೆ, ಅಷ್ಟೆ. ಇವತ್ತು ಆ ಚನ್ನಯ್ಯನೂ ಜೇನಕಲ್ಲಿಗೆ ಬರುವವನಿದ್ದ.

ಕೊನೆಗೆ ಸಾಲು ಖಾಲಿಯೇ ಉಳಿಯಿತು. ಅಲ್ಲಿಯೇ ಬರೆಯುತ್ತೇನೆಂದು ಬಣ್ಣದ ಡಬ್ಬಿ, ಕುಂಚ ಚೀಲಕ್ಕೆ ಹಾಕಿಕೊಂಡು ಜೀಪು ಹತ್ತಿದ. ಮಂಚಿಕೇರಿ ದಾಟುವಾಗ ಚಿರಂತನ ಏನೋ ಹೇಳುತ್ತಿದ್ದ, ಗಜಾನನ ಹೂಂಗುಟ್ಟುತ್ತಿದ್ದ. ಅವನ ಮನಸ್ಸು ಆಗಲೇ ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿತ್ತು. ಇದೇ ರಸ್ತೆ, ಇದೇ ತಿರುವು. ಇದೇ ಜೇನಕಲ್ಲು ಹತ್ತಲು ಹೊರಟ ಕಾಲೇಜಿನ ಹನ್ನೆರಡು ಜನ, ಹೆಗಲ ಮೇಲೆ ನಾರಿನ ಹಗ್ಗದ ಸುರುಳಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಬೂಟಿನ ತುದಿ ಹರಿದವರೇ ನಿಜವಾದ ಸಾಹಸಿಗಳೆಂಬ ನಂಬಿಕೆಯಿಂದ ಚನ್ನಯ್ಯ ಹೊಸ ಬೂಟನ್ನು ಕಲ್ಲಿಗೆ ಉಜ್ಜಿ ಹರಿದುಕೊಂಡಿದ್ದ. ಬನವಾಸಿಯಿಂದ ಅವನ ಅವ್ವ ಮುರಿಗೆವ್ವ ಕಟ್ಟಿಕೊಟ್ಟ ಕಟಿರೊಟ್ಟಿ, ಶೇಂಗಾ ಚಟ್ನಿ. ವಾನಳ್ಳಿಯಿಂದ ಗಜಾನನ ತಂದ ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ. ಬಸ್ಸು ಊರು ಬಿಡುವ ಮೊದಲೇ ಗಂಟುಗಳು ಅದಲುಬದಲಾಗುತ್ತಿದ್ದವು. ‘ನಿಮ್ಮ ಮಂದಿ ಮಾತಾಡೂದು ಪಾರಿವಾಳ ಗುಟುರು ಹಾಕಿದಂಗಲೇ, ಇದ್ದು, ಇಲ್ಲೆ, ಎಂತ, ಮುಗೀತು’ ಎಂದು ಚನ್ನಯ್ಯ ಆಡಿಕೊಳ್ಳುತ್ತಿದ್ದ. ‘ನಿಮ್ಮವು ಮಾತಾಡಿದ್ರೆ ಜಗಳ ಬಿಡಿಸಲೆ ಜನ ಓಡಿ ಬರ್ತ’ ಎಂದು ಪರಿಮಳಾ ಮುಂದಿನ ಸೀಟಿನಿಂದ ತಿರುಗಿ ಹೇಳುತ್ತಿದ್ದಳು. ಅವಳು ಸಿದ್ದಾಪುರದ ತ್ಯಾಗಲಿಯವಳು. ಆಗ ಇನ್ನೂ ಹೆಂಡತಿಯಾಗಿರಲಿಲ್ಲ, ಎರಡು ಜಡೆ ಹಾಕುತ್ತಿದ್ದಳು, ಅವಳು ತಿರುಗಿದಾಗಲೆಲ್ಲ ಗಜಾನನ ಕಿಟಕಿಯ ಹೊರಗೆ ನೋಡುತ್ತಿದ್ದ. ಎಷ್ಟು ಸುಖವಾಗಿದ್ದೆವು ಎಂದು ಈಗ ಅನ್ನಿಸಿತು. ಬಂಡೆಯ ಮೇಲೆ ಆಗ ಯಾವ ನಿಯಮವೂ ಇರಲಿಲ್ಲ. ಕಲ್ಲು ಜಾರಿದರೆ ಶಿರಸಿ ಪೇಟೆಯ ಸಾಬರ ಹುಡುಗ ‘ಪತ್ಥರ್’ ಎನ್ನುತ್ತಿದ್ದ, ಕುಮಟೆಯ ಕೊಂಕಣಿ ಹುಡುಗ ‘ಫಾತೊರ್’ ಎನ್ನುತ್ತಿದ್ದ, ಚನ್ನಯ್ಯ ‘ಕಲ್ಲ ಬಂತಲೇ’ ಎನ್ನುತ್ತಿದ್ದ. ಯಾರು ಏನು ಕೂಗಿದರೂ ಎಲ್ಲರೂ ಬಂಡೆಗೆ ಅಂಟಿಕೊಳ್ಳುತ್ತಿದ್ದರು. ಅರ್ಥ ಕೇಳಿಕೊಂಡು ಕೂರುವ ಪುರಸೊತ್ತು ಯಾರಿಗಿತ್ತು.

ಆ ಕೂಗಿನಲ್ಲೆಲ್ಲ ಗಜಾನನನದೇ ಮೇಲುಗೈ. ವಾನಳ್ಳಿಯ ಕಣಿವೆಯಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ. ಊಟಕ್ಕೆ ಕರೆಯಲಿ, ದನ ತಪ್ಪಿಸಿಕೊಂಡ ಸುದ್ದಿ ಹೇಳಲಿ, ಅಂಗೈ ಬಾಯಿಗೆ ಕೊಟ್ಟು ‘ಕೂ’ ಹಾಕಬೇಕು, ಆಚೆಯಿಂದ ‘ಓ’ ಬರಬೇಕು. ‘ಓ’ ಬಾರದೆ ಅಲ್ಲಿಂದ ಕದಲುವಂತಿಲ್ಲ, ಅದು ಮರ್ಯಾದೆ. ಎಂಟು ವರ್ಷಕ್ಕೇ ಅವನ ಕೂ ಎರಡು ಗುಡ್ಡ ದಾಟುತ್ತಿತ್ತು. ‘ಈ ಮಾಣಿ ಇದ್ರೆ ಟೆಲಿಫೋನ್ ಎಂತಕ್ಕೆ’ ಎಂದು ದೊಡ್ಡವರು ಬೆನ್ನು ತಟ್ಟುತ್ತಿದ್ದರು. ಜೀವನದಲ್ಲಿ ಅವನಿಗೆ ಸಿಕ್ಕ ಮೊದಲ ಹೆಚ್ಚುಗಾರಿಕೆ ಅದು, ಬಹುಶಃ ಕೊನೆಯದೂ. ಕಲ್ಲು ಬಿದ್ದ ಆ ವರ್ಷ ಹೊರಗಿನಿಂದ ತರಬೇತಿ ಕೊಡಲೆಂದು ಬಂದಿದ್ದ ಸಾಹೇಬ ಮೊದಲ ದಿನವೇ, ಬಂಡೆಯ ಮೇಲೆ ಒಂದೇ ಮಾತು, ‘ರಾಕ್’, ಮಿಕ್ಕಿದ್ದೆಲ್ಲ ಬಂದ್ ಎಂದ. ಮಧ್ಯಾಹ್ನ ಗಜಾನನನ ಬೂಟಿನಡಿಯಿಂದ ಗೋಲಿಯಷ್ಟು ಹರಳು ಜಾರಿತು. ಜಾರಿದ್ದೇ ತಡ, ಅವನಿಗೆ ಗೊತ್ತಿಲ್ಲದೆಯೇ, ‘ಕಲ್ ಬಂತೋ ಕಲ್ಲೂ’ ಎಂದು ವಾನಳ್ಳಿಯ ಕೂ ಗಂಟಲಿನಿಂದ ಹಾರಿತು. ಬಂಡೆಯ ನೆತ್ತಿಯಿಂದ ಮಂಗಟ್ಟೆ ಹಕ್ಕಿಗಳು ಎದ್ದು ಹೋದವು. ಹರಳು ಸಾಹೇಬನ ಬೂಟಿನ ಪಕ್ಕ ಬಂದು ಬಿತ್ತು. ಸಾಹೇಬ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ. ಆಮೇಲೆ ಎರಡೂ ಕೈ ಬಾಯಿಗೆ ಹಿಡಿದು ಗಜಾನನನ ಕೂಗನ್ನು ಅಣಕಿಸಿದ. ಎಲ್ಲರೂ ನಕ್ಕರು. ಚನ್ನಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ, ಎರಡು ಜಡೆಯ ಪರಿಮಳಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಶಿಕ್ಷೆಯೆಂದು ಅವನನ್ನು ಎದುರಿಗೆ ನಿಲ್ಲಿಸಿ ಹತ್ತು ಸಲ ‘ರಾಕ್’ ಹೇಳಿಸಿದ. ಪ್ರತಿ ಸಲವೂ ಅವನ ಬಾಯಲ್ಲಿ ಅದು ‘ರಾಕು’ ಆಗುತ್ತಿತ್ತು, ಪ್ರತಿ ಸಲವೂ ನಗು. ಇವತ್ತು ಜಪಾನಿಗಳ ಸಾಲನ್ನು ಬರೆಯುವಾಗ, ಅವರೂ ಹಾಗೇ ಕೂಗುತ್ತಾರೆಂದು ತಿಳಿದು ಅವನಿಗೆ ಯಾರ ಮೇಲೋ ವಿಪರೀತ ಸಿಟ್ಟು ಬಂದಿತ್ತು.

ಆ ನಗುವಿನ ಮರುದಿನ ಬೆಳಿಗ್ಗೆ ಅವನು ಬಂಡೆಯ ಮೇಲಿನ ಕಟ್ಟೆಯಂಥ ಜಾಗದಲ್ಲಿ ನಿಂತಿದ್ದ. ಚನ್ನಯ್ಯ ಕೆಳಗೆ ಹಗ್ಗ ಸುತ್ತುತ್ತಿದ್ದ, ಏನೋ ಭಜನೆಯ ಪದ ಗುನುಗುತ್ತಿದ್ದ. ಉಳಿದವರು ಡೇರೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಗಜಾನನ ಕಾಲು ಬದಲಿಸಿದಾಗ ಹಿಮ್ಮಡಿಯ ಹತ್ತಿರದಿಂದ ತೆಂಗಿನಕಾಯಿ ಗಾತ್ರದ ಕಲ್ಲು ಅಲುಗಿತು, ತುಸು ಹೊತ್ತು ಯೋಚಿಸಿದಂತೆ ನಿಂತಿತು, ಹೊರಟಿತು. ಅದು ಹೋಗುವುದನ್ನು ಅವನು ಪೂರ್ತಿ ನೋಡಿದ. ಹೊರಚಾಚಿದ ಒಂದು ಕಲ್ಲಿಗೆ ಬಡಿದು ಹೊರಳಿದ್ದು, ಬಂಡೆಯ ಸೀಳಿನಲ್ಲಿ ಬೆಳೆದ ಪೊದೆಯನ್ನು ಬಗ್ಗಿಸಿದ್ದು, ಪೊದೆ ಮತ್ತೆ ನೆಟ್ಟಗಾದದ್ದು. ಮೂರು ಸಲ ಕೂಗುವಷ್ಟು ಹೊತ್ತಿತ್ತು. ಕೂಗುವಷ್ಟು ದೊಡ್ಡದೇ ಇದು? ಪೊದೆಯಲ್ಲೇ ನಿಲ್ಲಬಹುದಲ್ಲ? ನಿಂತುಬಿಟ್ಟರೆ ಮತ್ತೆ ನಗುತ್ತಾರೆ, ಪರಿಮಳಾ ತಟ್ಟೆ ಹಿಡಿದು ಹೊರಗೆ ಬಂದು ನಗುತ್ತಾಳೆ. ಗಾಬರಿಯಲ್ಲಿ ಯಾವ ಭಾಷೆಯ ಮಾತೂ ಸಿಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಾನೆ. ಅದು ಸುಳ್ಳು. ‘ರಾಕ್’ ಕೂಡ ಬಾಯಲ್ಲಿತ್ತು, ‘ಕಲ್ಲು’ ಕೂಡ ಬಾಯಲ್ಲಿತ್ತು. ನಾಚಿಕೆ ಎರಡಕ್ಕೂ ಅಡ್ಡ ನಿಂತಿತ್ತು. ಕೆಳಗೆ ಒದ್ದೆ ಬಟ್ಟೆ ಒಗೆದಂಥ ಸದ್ದಾಯಿತು, ಗುನುಗು ನಿಂತಿತು, ಆಗ ಅವನು ಕೂಗಿದ. ಎಂಥ ಕೂಗು ಅದು! ಗಂಟಲು ಕಿತ್ತು ಬರುವ ಕೂಗು, ಡೇರೆಯವರೆಲ್ಲ ತಟ್ಟೆ ಬಿಟ್ಟು ಓಡಿ ಬರುವ ಕೂಗು.

ಶಿರಸಿಯ ಆಸ್ಪತ್ರೆಯ ಪಡಸಾಲೆಯಲ್ಲಿ ಮುರಿಗೆವ್ವ ಅವನ ಎರಡೂ ಕೈ ಹಿಡಿದುಕೊಂಡಳು. ಮಗನ ಎಡ ಹೆಗಲಿನ ಎಲುಬು ಮುರಿದಿತ್ತು, ತಲೆಯ ಬಲಭಾಗಕ್ಕೆ ಏಳು ಹೊಲಿಗೆ. ‘ನೀ ಗಂಟಲಾ ಹರಕೊಂಡು ಒದರೀಯಂತ, ಎಲ್ಲಾರೂ ಹೇಳಿದ್ರಪಾ. ಸಣ್ಣಂವಿದ್ದಾಗಿಂದ ಹಿಂಗ ಅಂವ, ಕರದ್ರ ಓ ಅನ್ನಾಂಗಿಲ್ಲ. ನನ್ನ ಮಗನ ಕಿವೀನ ಮಂದ, ನೀ ಏನ್ ಮಾಡ್ತಿ’ ಎಂದಳು. ಗಜಾನನ ಬಾಯಿ ತೆರೆದ. ಅಷ್ಟರಲ್ಲಿ ನರ್ಸು ಬಂದು ಯಾರೋ ಒಬ್ಬರು ಒಳಗೆ ಬರಬಹುದು ಎಂದಳು, ಮುರಿಗೆವ್ವ ಎದ್ದು ಹೋದಳು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಇನ್ನೊಂದು ಪ್ರಶ್ನೆ. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂದರೆ ಬೆಕ್ಕೂ ತಾನೇ, ಇಲಿಯೂ ತಾನೇ. ವಾರ ಕಳೆಯಿತು, ಮದುವೆಗಳಾದವು, ಮಕ್ಕಳಾದವು. ಆಸ್ಪತ್ರೆಯಲ್ಲಿ ಎಚ್ಚರವಾದ ದಿನವೇ ಚನ್ನಯ್ಯ ಕೇಳಿದ ಮೊದಲ ಪ್ರಶ್ನೆ, ‘ಒದರಿದ್ಯೇನಲೇ ಗಜ್ಯಾ? ನನಗ ಕೇಳಸಲೇ ಇಲ್ಲ ನೋಡಲೇ.’ ಅದಕ್ಕೆ ಗಜಾನನ ಅತ್ತ. ಅತ್ತದ್ದನ್ನು ಚನ್ನಯ್ಯ ಹೌದೆಂದು ತಿಳಿದ.

ಅಂದಿನಿಂದ ಚನ್ನಯ್ಯ ಕಿವುಡನಾದ. ಯಾರು ಮಾತಾಡಿಸಿದರೂ ತಲೆ ವಾರೆ ಮಾಡಿ ಎಡಗಿವಿ ಮುಂದೆ ತರುವುದು, ಒಂದು ಸಲ ಕೇಳಿದ್ದನ್ನು ನಂಬದೆ ‘ಏನಂದಿ?’ ಎನ್ನುವುದು ಅಭ್ಯಾಸವಾಯಿತು. ಪೊಲೀಸ್ ಭರ್ತಿಗೆ ಓಟದಲ್ಲಿ ಮೊದಲಿಗನಾಗಿ ಬಂದವನು ವೈದ್ಯಕೀಯ ಪರೀಕ್ಷೆಗೆ ಹೋಗಲೇ ಇಲ್ಲ. ಹೆಗಲು ಹೇಗೋ ದಾಟೀತು, ಕಿವಿ ದಾಟದು, ಹೋಗಿ ಅವಮಾನ ಯಾಕೆ ಎಂದ. ಭಜನೆಗೆ ತಾಳ ಹಿಡಿಯುವುದನ್ನು ಬಿಟ್ಟ. ಬನವಾಸಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಹಾಕಿದ. ಗಜಾನನನನ್ನು ಹೆಚ್ಚು ಚುಚ್ಚಿದ್ದು ಆ ಅಂಗಡಿಯೇ. ಹೊಲದ ಬದುವಿನ ಮೇಲೆ ನಿಂತು, ದೂರದಲ್ಲಿ ಓಡುವ ಮೋಟಾರಿನ ಸದ್ದು ಕೇಳಿಯೇ ಚನ್ನಯ್ಯ ‘ಕೆಳಗಿನ ಬೇರಿಂಗ್ ಹೋಗೈತ್ರಿ’ ಎನ್ನುತ್ತಾನೆ. ಬಿಚ್ಚಿ ನೋಡಿದರೆ ಹೋಗಿಯೇ ಇರುತ್ತದೆ. ‘ಮಷಿನ್ ಮಾತು ಕೇಳ್ತಾನ, ಮನುಷಾರ ಮಾತು ಕೇಳಾಂಗಿಲ್ಲ’ ಎಂದು ಊರವರು ನಗುತ್ತಾರೆ, ಚನ್ನಯ್ಯನೂ ಜೊತೆಗೆ ನಗುತ್ತಾನೆ. ಒಮ್ಮೆ ಉಚಿತ ತಪಾಸಣೆಯಲ್ಲಿ ಡಾಕ್ಟರು ಕಿವಿ ಎರಡೂ ಸರಿಯಾಗಿವೆ ಎಂದರಂತೆ. ‘ಅವರ ಮಷಿನ್ ಕೆಟ್ಟಿತ್ತಲೇ’ ಎಂದು ಗಜಾನನನಿಗೆ ಫೋನಿನಲ್ಲಿ ಹೇಳಿದ್ದ. ಗಜಾನನ ಅವತ್ತೂ ಹೇಳಬಹುದಿತ್ತು. ಅವತ್ತು ಶಾಲೆಯಲ್ಲಿ ಪ್ರದರ್ಶನವಿತ್ತು, ಕೈಯಲ್ಲಿ ಅಂಟು ಮೆತ್ತಿತ್ತು, ಆಮೇಲೆ ಮಾತಾಡುತ್ತೇನೆಂದು ಫೋನು ಇಟ್ಟಿದ್ದ.

‘ಸರ್, ಬಂತು’ ಎಂದ ಚಿರಂತನ. ಜೇನಕಲ್ಲು ಮರಗಳ ಮೇಲೆ ಕಪ್ಪಗೆ ಎದ್ದು ನಿಂತಿತ್ತು. ಅದು ನೆನಪಿನಲ್ಲಿದ್ದಷ್ಟೇ ದೊಡ್ಡದಾಗಿ ಕಂಡದ್ದಕ್ಕೆ ಗಜಾನನನಿಗೆ ಸಂತೋಷವೇ ಆಯಿತು. ಬುಡದಲ್ಲಿ ಬಣ್ಣಬಣ್ಣದ ಹೆಲ್ಮೆಟ್ಟುಗಳು, ಇಪ್ಪತ್ತು ಇಪ್ಪತ್ತೈದು ಜನ, ಅವರಲ್ಲಿ ಏಳೆಂಟು ಮಂದಿ ವಿದೇಶದವರು. ಒಂದು ಹಲಗೆಕಲ್ಲಿನ ಮೇಲೆ ಬಿಳಿ ಅಂಗಿ ಹಾಕಿಕೊಂಡು ಕುಳಿತಿದ್ದ ಚನ್ನಯ್ಯ ಎದ್ದು ಬಂದ. ಎಡಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲವಾದ್ದರಿಂದ ಒಂದೇ ಕೈಯಲ್ಲಿ ಅಪ್ಪಿಕೊಂಡ. ‘ಏನ್ಲೇ ಗಜ್ಯಾ, ತಲಿ ಎಲ್ಲಾ ಬೆಳ್ಳಗಾತಲ್ಲಲೇ. ಬಣ್ಣಾ ಅಕ್ಷರಕ್ಕ ಅಷ್ಟ ಹಚ್ತೀಯೇನು?’ ಗಜಾನನ ನಕ್ಕ. ಈ ಮನುಷ್ಯನನ್ನು ಅವನು ತುಂಬ ಪ್ರೀತಿಸುತ್ತಿದ್ದ. ಅದಕ್ಕೇ ವರ್ಷಕ್ಕೊಮ್ಮೆಗಿಂತ ಹೆಚ್ಚು ಭೇಟಿಯಾಗುತ್ತಿರಲಿಲ್ಲ. ಚನ್ನಯ್ಯನ ಹಿಂದೆ ಅವನ ಮಗಳು ಸಮೃದ್ಧಿ ನಿಂತಿದ್ದಳು, ಕಾಲೇಜಿನ ಎನ್‌ಸಿಸಿ ಹುಡುಗಿ. ‘ಕಾಕಾ, ಅಪ್ಪಗ ನೀವರೆ ಹೇಳ್ರಿ. ಪರ್ವತಾರೋಹಣದ ಕೋರ್ಸಿಗೆ ಹೆಸರು ಬಂದೈತಿ, ಸಹಿ ಹಾಕವಲ್ಲ. ಇವತ್ತ ನಾ ಏರೂದು ನೋಡಿ ಹಾಕ್ತೀನಂದಾನ’ ಎಂದಳು. ‘ನಿನ್ನ ಕೈಕಾಲಿನ ಮ್ಯಾಲ ನನಗ ಸಂಶೇ ಇಲ್ಲವಾ’ ಎಂದ ಚನ್ನಯ್ಯ, ‘ಕಿವಿ ಮ್ಯಾಲ ಐತಿ. ನನ್ನ ಕಿವೀನ ನಿನಗ ಬಂದಾವು. ಮನ್ಯಾಗ ಹತ್ತ ಸಲ ಕರದ್ರೂ ಬರಾಂಗಿಲ್ಲ.’ ‘ಹತ್ತ ಸಲಾನೂ ಕೆಲಸಾ ಹೇಳಾಕ ಕರೀತಿ, ಅದಕ್ಕ’ ಎಂದಳು ಹುಡುಗಿ. ಎಲ್ಲರೂ ನಕ್ಕರು. ಗಜಾನನ ಮಾತ್ರ, ತಾನು ಹೇಳದೆ ಬಿಟ್ಟದ್ದು ಮುಂದಿನ ತಲೆಮಾರಿಗೂ ಹೋಗಿ ಮುಟ್ಟಿದ್ದು ಕಂಡು, ಫಲಕ ಇಳಿಸುವ ನೆಪದಲ್ಲಿ ಜೀಪಿನ ಕಡೆ ತಿರುಗಿದ.

ಚಿರಂತನ ಎಲ್ಲರನ್ನೂ ಸುತ್ತ ನಿಲ್ಲಿಸಿದ. ಅವನ ಪಾಠದ ಕ್ರಮವೇ ಬೇರೆ. ಕಲ್ಲು ಜಾರಿದಾಗ ಯೋಚನೆಗೆ ಸಮಯವಿಲ್ಲ, ಆಗ ಬಾಯಿಗೆ ಬರುವುದು ತಾಯಿಯ ಮಾತು. ಆದ್ದರಿಂದ ಕೂಗುವವರು ತಮ್ಮದನ್ನೇ ಕೂಗಲಿ, ಕೇಳುವವರು ಎಲ್ಲರದನ್ನೂ ಕಲಿಯಲಿ, ಸುಳ್ಳೇ ಕೂಗಿದರೂ ಪರವಾಗಿಲ್ಲ, ಇಲ್ಲಿ ಯಾರೂ ನಗುವುದಿಲ್ಲ ಎಂದ. ಇಪ್ಪತ್ತಾರು ವರ್ಷದ ಹಿಂದೆ ಈ ಮಾತನ್ನು ಹೇಳುವವರು ಒಬ್ಬರಿದ್ದಿದ್ದರೆ ಎಂದು ಗಜಾನನ ಹಲ್ಲು ಕಚ್ಚಿದ. ಒಬ್ಬೊಬ್ಬರೇ ಮುಂದೆ ಬಂದು ಬಂಡೆಯ ಕಡೆ ಮುಖ ಮಾಡಿ ಕೂಗಿದರು. ಜರ್ಮನಿಯ ಮುದುಕ ಕೆಮ್ಮಿದ ಹಾಗೆ ಕೂಗಿದ, ಇಟಲಿಯ ಹುಡುಗಿ ಹಾಡಿದ ಹಾಗೆ. ಜಪಾನಿನ ಹೆಂಗಸು ಸಣ್ಣ ಆಳು, ಅವಳ ‘ರಾಕು’ ಬಂಡೆಗೆ ಬಡಿದು ಎರಡು ಸಲ ವಾಪಸು ಬಂತು. ಪುಣೆಯ ಹುಡುಗರು ಒಟ್ಟಿಗೆ ‘ದಗಡ್’ ಎಂದರು. ಪ್ರತಿ ಕೂಗಿಗೂ ಎಲ್ಲರೂ ತಲೆಯ ಮೇಲೆ ಕೈ ಹಿಡಿದು ಬಂಡೆಗೆ ಅಂಟಿಕೊಂಡರು, ಎದ್ದರು. ‘ಈಗ ಕನ್ನಡ. ಗಜಾನನ ಸರ್’ ಎಂದ ಚಿರಂತನ. ಗಜಾನನ ಮುಂದೆ ಬಂದು ನಿಂತ. ಅಂಗೈಗಳು ತಾವಾಗಿ ಬಾಯಿಯವರೆಗೆ ಬಂದವು. ಬರೀ ಗಾಳಿ ಹೊರಟು, ಆಮೇಲೆ ಕೆಮ್ಮು ಬಂತು. ‘ಬಣ್ಣದ ವಾಸ್ನೆಗೆ ಗಂಟಲು ಕಟ್ಟಿದೆ’ ಎಂದ. ಚಿರಂತನ ಸೀಮೆಸುಣ್ಣ ತೆಗೆದು ಫಲಕದ ಖಾಲಿ ಸಾಲಿನಲ್ಲಿ ‘ಕಲ್ಲು’ ಎಂದು ತಾನೇ ಬರೆದ.

‘ಇಂವನ ಗಂಟಲಾ ಇವತ್ತ ಕಟ್ಟಿರಬೇಕು, ಅವತ್ತ ಕಟ್ಟಿರಲಿಲ್ಲ’ ಎನ್ನುತ್ತ ಚನ್ನಯ್ಯ ಎದ್ದು ನಿಂತ. ಹಳೆಯ ಕಾಲೇಜು ತಂಡದ ಸದಸ್ಯನಾಗಿ ಎರಡು ಮಾತಾಡಲು ಅವನನ್ನು ಕರೆಸಿದ್ದರು. ಎಲ್ಲ ಶಿಬಿರದಲ್ಲೂ ಅವನು ಆಡುವುದು ಅದೇ ಎರಡು ಮಾತು. ತಾನು ಕೆಳಗೆ ಪದ ಹಾಡುತ್ತ ಮೈಮರೆತಿದ್ದು, ಗೆಳೆಯ ಮೇಲಿನಿಂದ ಊರಿಗೆ ಊರೇ ಏಳುವಂತೆ ಕೂಗಿದ್ದು, ತನ್ನ ದರಿದ್ರ ಕಿವಿಗೆ ಅದು ಬೀಳದೇ ಹೋದದ್ದು. ತನ್ನನ್ನೇ ಗೇಲಿ ಮಾಡಿಕೊಂಡು, ಮೇಲೇಳದ ಎಡಗೈಯನ್ನು ಎತ್ತಹೋಗಿ ತೋರಿಸಿ ಹೇಳಿದ. ಚಿರಂತನ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಕೊನೆಯಲ್ಲಿ ಚನ್ನಯ್ಯ ಗಜಾನನನ ಕಡೆ ಕೈ ಮಾಡಿ, ‘ಇಂವ ಒದರಿದ್ದಕ್ಕ ಮಂದಿ ಓಡಿ ಬಂದ್ರು, ನಾ ಉಳದೆ’ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜರ್ಮನಿಯ ಮುದುಕ ಬಂದು ಗಜಾನನನ ಕೈ ಹಿಡಿದು ಕುಲುಕಿದ, ಬಿಡಲೇ ಇಲ್ಲ. ಭೂಮಿ ಬಾಯಿ ಬಿಡಬಾರದೇ ಎಂದು ಹೆಂಗಸರು ಹೇಳುವುದನ್ನು ಕೇಳಿದ್ದ. ಆ ಮಾತು ಎಷ್ಟು ನಿಜವೆಂದು ನಲವತ್ತೆಂಟನೆಯ ವಯಸ್ಸಿಗೆ ಗೊತ್ತಾಯಿತು.

ಮೊದಲ ಹಗ್ಗ ಇಳಿಬಿಟ್ಟಾಗ ಸಮೃದ್ಧಿಯ ಸರದಿ ಬಂತು. ಅವಳು ಸೊಂಟದ ಪಟ್ಟಿ ಬಿಗಿದು, ಹೆಲ್ಮೆಟ್ ಹಾಕಿ, ಕೆಳಗೆ ಹಗ್ಗ ಹಿಡಿದು ಕಾಯುವ ಶಿಬಿರದವಳು ಹೇಳುವುದನ್ನು ಕೇಳುತ್ತಿದ್ದಳು. ಹಿಂದಿನಿಂದ ಚನ್ನಯ್ಯ ‘ಸಮೂ’ ಎಂದ. ಅವಳು ತಿರುಗಲಿಲ್ಲ. ‘ಸಮೂ, ನೀರ ಕುಡದು ಹೋಗ.’ ಆಗಲೂ ತಿರುಗಲಿಲ್ಲ. ಚನ್ನಯ್ಯನ ಮುಖದ ನಗು ಇಳಿಯಿತು. ಹತ್ತಿರ ಹೋಗಿ ಅವಳ ಭುಜ ಹಿಡಿದ. ‘ಬಿಚ್ಚು’ ಎಂದ. ‘ಎರಡ ಸಲ ಕರದೆ. ಹತ್ತ ಮಾರು ದೂರದಾಗ ನಿಂತು ಕರದೆ. ಕೇಳಲಿಲ್ಲ ನಿನಗ. ಬಿಚ್ಚವಾ, ಮನಿಗೆ ಹೋಗೂಣು.’ ‘ಅಪ್ಪಾ, ನಾ ಅವರ ಮಾತು ಕೇಳಾಕತ್ತಿದ್ದೆ’ ಎಂದಳು ಹುಡುಗಿ, ಕಣ್ಣು ತುಂಬಿಕೊಂಡವು. ‘ನಾನೂ ಹಂಗ ಅಂದಿದ್ದೆ. ಪದಾ ಹಾಡಾಕತ್ತಿದ್ದೆ ಅಂತ’ ಎಂದ ಚನ್ನಯ್ಯ. ಅವನ ಒಂದೇ ಕೈ ಅವಳ ಗಲ್ಲದ ಕೆಳಗಿನ ಪಟ್ಟಿ ಬಿಚ್ಚಲು ತಡಕಾಡುತ್ತಿತ್ತು. ಸಮೃದ್ಧಿ ಗಜಾನನನ ಕಡೆ ನೋಡಿದಳು, ನೀವಾದರೂ ಹೇಳಿ ಎಂಬಂತೆ.

‘ಚನ್ನೂ,’ ಎಂದ ಗಜಾನನ, ‘ನಾ ಆವತ್ತು ಕೂಗ್ಲಿಲ್ಲ ಮಾರಾಯಾ.’

ಚನ್ನಯ್ಯ ರೂಢಿಯಂತೆ ತಲೆ ವಾರೆ ಮಾಡಿ ಎಡಗಿವಿ ಮುಂದೆ ತಂದ. ‘ಏನಂದಿ?’

ಏನಿಲ್ಲ ಎಂದುಬಿಡಬಹುದಿತ್ತು. ಇನ್ನೂ ಒಂದು ವರ್ಷ ದೂಡಬಹುದಿತ್ತು. ಹುಡುಗಿಗೆ ಅವಕಾಶ ಕೊಡು ಎಂದು ಬೇರೆ ನೂರು ಮಾತು ಹೇಳಬಹುದಿತ್ತು, ಗೆಳೆಯನ ಮಾತೆಂದು ಅವನು ಕೇಳಲೂಬಹುದಿತ್ತು. ಗಜಾನನ ದನಿ ಎತ್ತಿದ. ‘ನಾನು ಕೂಗ್ಲಿಲ್ಲ!’ ಎಂದ. ಬಂಡೆ ಅದನ್ನು ತಿರುಗಿ ಹೇಳಿತು. ‘ಕಲ್ಲು ಹೊರಟಿದ್ದು ನೋಡ್ದೆ. ಪೂರ್ತಿ ನೋಡ್ದೆ. ಕೂಗ್ಲಿಲ್ಲ. ನಿಂಗೆ ಬಡಿದ ಮೇಲೆ ಕೂಗ್ದೆ. ಎಲ್ಲರಿಗೂ ಕೇಳಿದ್ದು ಆ ಕೂಗು. ನಿನ್ನ ಕಿವಿಗೆ ಎಂತದೂ ಆಗಿಲ್ಲ, ಈ ಹುಡುಗಿ ಕಿವಿಗೂ ಎಂತದೂ ಆಗಿಲ್ಲ.’

ಸುತ್ತ ಕನ್ನಡ ಬರುವವರು ಅಲ್ಲಲ್ಲೇ ನಿಂತರು. ಜರ್ಮನಿಯ ಮುದುಕ ಏನಾಯಿತೆಂದು ಚಿರಂತನನನ್ನು ಕೇಳಿದ. ಈ ಸಲ ಚಿರಂತನ ತಿರುಗಿಸಿ ಹೇಳಲಿಲ್ಲ. ಚನ್ನಯ್ಯನ ತಲೆ ಇನ್ನೂ ವಾರೆಯಾಗಿಯೇ ಇತ್ತು. ‘ಯಾಕ?’ ಎಂದ.

‘ನಗ್ತಾರೆ ಅಂತ.’

‘ನಗ್ತಾರಂತ.’ ಚನ್ನಯ್ಯ ಅದನ್ನು ಬಾಯಲ್ಲಿಟ್ಟು ರುಚಿ ನೋಡಿದ ಹಾಗೆ ಮತ್ತೊಮ್ಮೆ ಹೇಳಿದ. ಬೈಯುತ್ತಾನೆ ಎಂದು ಗಜಾನನ ಕಾದ. ಹೊಡೆದರೂ ಆಗಬಹುದಿತ್ತು. ಚನ್ನಯ್ಯ ನೆಲ ನೋಡುತ್ತ ಸಣ್ಣ ದನಿಯಲ್ಲಿ ಮಾತಾಡಿದ. ‘ನಮ್ಮವ್ವ ವರ್ಷಾ ವರ್ಷಾ ಮಠದ ಅಜ್ಜನ ಗದ್ದಿಗಿಗೆ ಬೆಳ್ಳಿ ಕಿವಿ ಮಾಡಿಸಿ ಹಾಕ್ತಿದ್ಲು. ನನ್ನ ಮಗನ ಕಿವಿ ನೆಟ್ಟಗಾಗ್ಲಿ ಅಂತ. ಸಾಯೂ ವರ್ಷಾನೂ ಹಾಕಿದ್ಲು. ಕೈ ನಡಗ್ತಿದ್ವು, ನಾನ ಹಿಡಕೊಂಡು ಹಾಕಿಸಿದೆ.’ ತಲೆ ಎತ್ತಿ, ‘ಅಕಿಗೆ ಯಾರ್ ಹೇಳೂದೀಗ?’ ಎಂದ.

ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದು ಗಜಾನನ ಇಷ್ಟು ವರ್ಷ ನಂಬಿದ್ದ, ಹಗುರವೇನೂ ಆಗಲಿಲ್ಲ. ಚನ್ನಯ್ಯ ಅರ್ಧ ಬಿಚ್ಚಿದ್ದ ಹೆಲ್ಮೆಟ್ಟಿನ ಪಟ್ಟಿಯನ್ನು ಮಗಳ ಗಲ್ಲದ ಕೆಳಗೆ ಮತ್ತೆ ಸಿಕ್ಕಿಸಿದ, ಎಳೆದು ನೋಡಿದ. ‘ಹೋಗವಾ, ಏರು’ ಎಂದ. ಆಮೇಲೆ ಜನ ದಾಟದಂತೆ ಕಟ್ಟಿದ್ದ ಹಗ್ಗದ ಈಚೆ ಒಂದು ಕಲ್ಲಿನ ಮೇಲೆ ಹೋಗಿ, ಗಜಾನನನಿಗೆ ಬೆನ್ನು ಹಾಕಿ ಕುಳಿತ.

ಹುಡುಗಿ ಹತ್ತತೊಡಗಿದಳು. ಕೈಯಿಟ್ಟು, ತಡವಿ, ನಂಬಿ, ಕಾಲಿಡುತ್ತಿದ್ದಳು. ಪುಣೆಯ ಹುಡುಗರು ಕೆಳಗಿನಿಂದ ಹುರಿದುಂಬಿಸುತ್ತಿದ್ದರು, ಯಾರೋ ಕೊಡಗಳನ್ನು ಕಲ್ಲಿಗೆ ತಾಗಿಸುತ್ತ ನೀರು ತರುತ್ತಿದ್ದರು, ಕಾಡಿನೊಳಗೆ ಜೀಪು ಹಿಂದೆ ತಿರುಗಿಸುವ ಸದ್ದು. ಗಜಾನನ ಹತ್ತಿಪ್ಪತ್ತು ಹೆಜ್ಜೆ ಹಿಂದೆ, ಮರದ ಬುಡದಲ್ಲಿ ಕುಳಿತಿದ್ದ. ಗೆಳೆಯನ ಬೆನ್ನನ್ನು ನೋಡುತ್ತಿದ್ದ. ಬಿಳಿ ಅಂಗಿಯ ಎಡಗಡೆ ಹೆಗಲು ಬಲಗಡೆಗಿಂತ ಬೆರಳಗಲ ಇಳಿದಿತ್ತು. ಹತ್ತಿರ ಹೋಗಿ ಕೂರಬೇಕೆನ್ನಿಸಿತು, ಹೋಗಲಿಲ್ಲ. ತುಟಿ ಮಾತ್ರ ಅಲುಗಿತು. ಯಾರಿಗೂ ಕೇಳಲೆಂದು ಅಲ್ಲ, ತನ್ನಷ್ಟಕ್ಕೆ, ಉಸಿರಿನೊಳಗೇ, ‘ಚನ್ನೂ’ ಎಂದ.

ಚನ್ನಯ್ಯ ಹಿಂದೆ ತಿರುಗಲಿಲ್ಲ. ತಲೆ ವಾರೆ ಮಾಡಲಿಲ್ಲ. ಕಣ್ಣು ಬಂಡೆಯ ಮೇಲೆ, ಮಗಳ ಮೇಲೆಯೇ ಇತ್ತು.

‘ಕೇಳಸ್ತೈತಿ,’ ಎಂದ. ‘ಸುಮ್ನ ಕುಂದ್ರು.’